ಇಪ್ಪತ್ತು ಲಕ್ಷ ಲೀಟರಿನ ಲೆಕ್ಕ ಬಿಡಿ, ಅಂಚಿನ ನೀರು ನೋಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಎಲೆಕ್ಟ್ರಿಕ್ ಸ್ಕೂಟರಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ವಾಟ್ಸಾಪಿನ ಅಂಕಿ ಎತ್ತುತ್ತಾರೆ: ಬ್ಯಾಟರಿಯ ಲಿಥಿಯಂ ಒಂದು ಟನ್ ತೆಗೆಯಲು ಇಪ್ಪತ್ತು ಲಕ್ಷ ಲೀಟರು ನೀರು. ಏಪ್ರಿಲಿನಲ್ಲಿ ಬಾವಿಯ ತಳ ಕಾಣುವ ಊರಿನವರಿಗೆ ಅದು ನಾಟುವುದು ಸಹಜ. ಆದರೆ ಕಾಗದ ಪೆನ್ನು ಹಿಡಿದರೆ ಈ ಅಂಕಿ ನಿಲ್ಲುವುದಿಲ್ಲ. ಹಾಗಂತ ಗಣಿಯವರು ಗೆದ್ದರು ಎಂದೂ ಅಲ್ಲ.

ಲಿಥಿಯಂ ಮಾರಾಟಕ್ಕೆ ಬರುವುದು ಹೆಚ್ಚಾಗಿ ಲಿಥಿಯಂ ಕಾರ್ಬೊನೇಟ್ ಎಂಬ ಪುಡಿಯಾಗಿ, ಅದರಲ್ಲಿ ಲಿಥಿಯಂ ಪಾಲು ಶೇ. 18.8. ಅಂದರೆ ಟನ್ನಿಗೆ 188 ಕಿಲೋ. ಚಿಲಿಯ ಅಟಕಾಮಾ ಉಪ್ಪುಬಯಲಿನ ಅಡಿಯ ಉಪ್ಪುನೀರಿನಲ್ಲಿ ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಲಿಥಿಯಂ ಇದೆ. ಒಂದು ಹನಿಯೂ ಪೋಲಾಗದಿದ್ದರೆ 1.25 ಲಕ್ಷ ಲೀಟರು ಸಾಕು. ಅರ್ಧ ಲಿಥಿಯಂ ಕೈತಪ್ಪುತ್ತದೆಂದು ಹಿಡಿದರೆ 2.5 ಲಕ್ಷ. ಮೂರು ಕಿಲೋವ್ಯಾಟ್-ಅವರ್ ಬ್ಯಾಟರಿಯ ಸ್ಕೂಟರಿಗೆ ಹೆಚ್ಚುಕಡಿಮೆ ಎರಡು ಕಿಲೋ ಕಾರ್ಬೊನೇಟ್ ಬೇಕು, ಅಂದರೆ 500 ಲೀಟರು ಉಪ್ಪುನೀರು. ಅರ್ಜೆಂಟೀನಾದ ಓಂಬ್ರೆ ಮುಯೆರ್ತೊದಂಥ ತೆಳು ಉಪ್ಪುನೀರಿನಲ್ಲಿ ಇದರ ಇಮ್ಮಡಿ ಹಿಡಿಯಿರಿ. ಟನ್ ಕಾರ್ಬೊನೇಟಿಗೆ ಆಗಲೂ ಇಪ್ಪತ್ತು ಲಕ್ಷ ಮುಟ್ಟುವುದಿಲ್ಲ; ಕಾರ್ಬೊನೇಟಿನ ಬದಲು ಶುದ್ಧ ಲಿಥಿಯಂ ಟನ್ ಲೆಕ್ಕ ಹಿಡಿದರಷ್ಟೇ ಅಂಥ ಅಂಕಿ ಬರುತ್ತದೆ.

ಆ ನೀರೂ ಕುಡಿಯುವಂಥದ್ದಲ್ಲ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ 300 ಗ್ರಾಂ ದಾಟುತ್ತದೆ. ಗಣಿ ಕಂಪನಿಗಳು ಇದನ್ನೇ ಹಿಡಿದುಕೊಂಡು ‘ನಾವು ತೆಗೆಯುವುದು ನೀರೇ ಅಲ್ಲ, ಖನಿಜ’ ಅನ್ನುತ್ತವೆ. ಚಿಲಿಯ ಕಾನೂನೂ ಹಾಗೇ ನೋಡಿಕೊಂಡು ಬಂದಿದೆ. ಅಂಕಿ ತಪ್ಪು ಎಂದು ತೋರಿಸಿದವರು ಚರ್ಚೆಯೇ ಮುಗಿಯಿತು ಎಂದುಕೊಳ್ಳುವುದೂ ಇಲ್ಲೇ.

ಅರ್ಧ ಲಿಥಿಯಂ ಎಲ್ಲಿ ಹೋಗುತ್ತದೆ ಎಂಬುದು ಕೊಳಗಳನ್ನು ನೋಡಿದರೆ ತಿಳಿಯುತ್ತದೆ. ಬಯಲಿನ ನಡುವಿನ ಬಾವಿಗಳಿಂದ ಎತ್ತಿದ ಉಪ್ಪುನೀರನ್ನು ಪ್ಲಾಸ್ಟಿಕ್ ಹಾಸಿದ ಆಳವಿಲ್ಲದ ಕೊಳಗಳಿಗೆ ಬಿಟ್ಟು, ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ 12ರಿಂದ 18 ತಿಂಗಳು ಬಿಸಿಲಿಗೆ ಒಣಗಿಸುತ್ತಾರೆ. ಮೊದಲು ಅಡುಗೆ ಉಪ್ಪು ಕೂರುತ್ತದೆ, ಆಮೇಲೆ ಪೊಟ್ಯಾಷ್, ಕೊನೆಗೆ ಮೆಗ್ನೀಸಿಯಂ ಉಪ್ಪುಗಳು. ಲಿಥಿಯಂ ಶೇ. 6ರ ಆಸುಪಾಸಿಗೆ ಬಂದಾಗ ಟ್ಯಾಂಕರಿನಲ್ಲಿ ಆಂತೊಫಗಾಸ್ತಾ ಹತ್ತಿರದ ಕಾರ್ಖಾನೆಗೆ. ಅಲ್ಲಿ ಬೋರಾನ್ ತೆಗೆದು, ಉಳಿದ ಮೆಗ್ನೀಸಿಯಂ ಅನ್ನು ಸುಣ್ಣ ಮತ್ತು ಸೋಡಾ ಆ್ಯಷ್‌ನಿಂದ ಇಳಿಸಿ, ಕೊನೆಗೆ ಬಿಸಿ ದ್ರಾವಣಕ್ಕೆ ಮತ್ತೆ ಸೋಡಾ ಆ್ಯಷ್ ಹಾಕುತ್ತಾರೆ. ಬಿಸಿ ಯಾಕೆಂದರೆ, ಲಿಥಿಯಂ ಕಾರ್ಬೊನೇಟ್ ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ 13 ಗ್ರಾಂ, 100 ಡಿಗ್ರಿಯಲ್ಲಿ 7.

ನಷ್ಟದ ಹೆಚ್ಚಿನ ಪಾಲು ಕೊಳದಲ್ಲೇ. ಕುಳಿತ ಉಪ್ಪಿನ ಹರಳುಗಳ ಸಂದಿಯಲ್ಲಿ ದ್ರಾವಣ ಸಿಕ್ಕಿಕೊಂಡು, ಆ ಒದ್ದೆ ಉಪ್ಪನ್ನು ಕೆರೆದು ರಾಶಿ ಹಾಕುವಾಗ ಅದರ ಜೊತೆಗೇ ಹೋಗುತ್ತದೆ. ಮೆಗ್ನೀಸಿಯಂ ಹೆಚ್ಚಿದ್ದರೆ ಲಿಥಿಯಂ ಅದರೊಡನೆ ಜೋಡಿ ಉಪ್ಪಾಗಿ ಕೂತುಬಿಡುತ್ತದೆ. ಅಟಕಾಮಾದಲ್ಲಿ ಮೆಗ್ನೀಸಿಯಂ ಲಿಥಿಯಂನ ಆರು ಪಟ್ಟು. ಬೊಲಿವಿಯಾದ ಉಯುನಿಯಲ್ಲಿ ಇಪ್ಪತ್ತು ಪಟ್ಟಿನ ಹತ್ತಿರ, ಮೇಲಿಂದ ಮಳೆಗಾಲ ಬೇರೆ. ಅಷ್ಟು ದೊಡ್ಡ ನಿಕ್ಷೇಪವಿದ್ದೂ ಬೊಲಿವಿಯಾ ಹಿಂದೆ ಬಿದ್ದದ್ದಕ್ಕೆ ಇದೂ ಒಂದು ಕಾರಣ. ಮೇಲಿನ ಲೆಕ್ಕದಂತೆ ಟನ್ ಕಾರ್ಬೊನೇಟಿಗೆ 75 ಟನ್ನಿಗೂ ಹೆಚ್ಚು ಉಪ್ಪು ಹೊರಬರುತ್ತದೆ. ಮಾರಾಟವಾಗುವುದು ಮುಖ್ಯವಾಗಿ ಪೊಟ್ಯಾಷ್. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಅನ್ನುತ್ತದಲ್ಲ, ಅದೇ ಪೊಟ್ಯಾಷ್. ಉಳಿದ ಉಪ್ಪಿನ ಬಹುಪಾಲು ಬಯಲಿನಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ.

ಈಗ ಅಸಲು ವಿಷಯ. ಆಂಡಿಸ್ ಬೆಟ್ಟದಿಂದ ನೆಲದಡಿ ಇಳಿದು ಬರುವ ಸಿಹಿನೀರು ಬಯಲಿನ ಅಂಚಿಗೆ ಬಂದಾಗ ದಪ್ಪ ಉಪ್ಪುನೀರು ಎದುರಾಗುತ್ತದೆ. ಹಗುರವಾದ ಸಿಹಿನೀರು ಅದರ ಮೇಲೇರಿ ಅಂಚಿನಲ್ಲಿ ಒರತೆಯಾಗಿ, ಕೆರೆಯಾಗಿ, ಹುಲ್ಲುಗಾವಲಾಗಿ ಹೊರಬೀಳುತ್ತದೆ. ಫ್ಲೆಮಿಂಗೊ, ಲಾಮಾ, ಅಲ್ಲಿನ ಮೂಲನಿವಾಸಿಗಳು ಎಲ್ಲರೂ ಬದುಕುವುದು ಈ ಅಂಚಿನಲ್ಲಿ. ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗಿನ ಕಡಲತಡಿಯ ಬಾವಿಗಳಲ್ಲಿ ನಡೆಯುವುದೂ ಇದೇ ಭೌತಶಾಸ್ತ್ರ: ಸಮುದ್ರಮಟ್ಟಕ್ಕಿಂತ ಒಂದು ಮೀಟರು ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರು ಸಿಹಿನೀರು ನಿಂತಿರುತ್ತದೆ. ಆದರೆ ನಮ್ಮಲ್ಲಿ ಸಮುದ್ರದ ಮಟ್ಟ ಅಲ್ಲೇ ಇರುತ್ತದೆ, ನಾವು ಸಿಹಿನೀರೆಳೆದಾಗ ಉಪ್ಪು ಒಳಬರುತ್ತದೆ. ಅಲ್ಲಿ ಪಂಪು ಇಳಿಸುವುದು ‘ಸಮುದ್ರ’ವನ್ನೇ. ಆಸರೆ ತಪ್ಪಿದ ಸಿಹಿನೀರು ಒಳಕ್ಕೆ ಜಾರುತ್ತದೆ, ಅಂಚಿನ ಒರತೆ ಒಣಗುತ್ತದೆ. ನಮ್ಮಲ್ಲಿ ನಾಲಿಗೆಗೆ ಉಪ್ಪು ಹತ್ತಿ ಗೊತ್ತಾಗುತ್ತದೆ. ಅಲ್ಲಿ ರುಚಿ ಬದಲಾಗದೆಯೇ ಮಟ್ಟ ಇಳಿದಿರಬಹುದು.

ಗಣಿಯವರ ಒಂದು ವಾದ ಮಾತ್ರ ಒಪ್ಪತಕ್ಕದ್ದು. ಉಪ್ಪುನೀರು ನೆಲಮಟ್ಟದಿಂದ ಕೆಳಗಿಳಿದರೆ ಬಿಸಿಲಿಗೆ ತಾನಾಗಿ ಆರುತ್ತಿದ್ದ ನೀರು ಕಡಿಮೆಯಾಗುತ್ತದೆ, ಪಂಪು ಎಳೆದದ್ದರಲ್ಲಿ ಒಂದು ಪಾಲು ಹೀಗೆ ಸರಿಹೋಗುತ್ತದೆ. ಎಷ್ಟು ಪಾಲು ಎಂಬುದು ಪ್ರತಿ ಬಯಲಿಗೂ ಬೇರೆ. ಮಟ್ಟ ಒಂದೆರಡು ಮೀಟರು ಇಳಿದ ಮೇಲೆ ಆ ಲಾಭವೂ ಮುಗಿಯುತ್ತದೆ.

ಇದು ನಮಗೆ ಯಾಕೆ? 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಕಂಪನಿ ಕಾಬಿಲ್ ಅರ್ಜೆಂಟೀನಾದ ಕತಮಾರ್ಕಾ ಪ್ರಾಂತ್ಯದಲ್ಲಿ ಐದು ಉಪ್ಪುನೀರಿನ ಬ್ಲಾಕು ಹಿಡಿಯಿತು: 15,703 ಹೆಕ್ಟೇರು, ಸುಮಾರು 200 ಕೋಟಿ ರೂಪಾಯಿಯ ಯೋಜನೆ. ಅದೇ ಪ್ರಾಂತ್ಯದ ಓಂಬ್ರೆ ಮುಯೆರ್ತೊದಲ್ಲಿ ತ್ರಪಿಚೆ ಹೊಳೆಯ ಹುಲ್ಲುಗಾವಲು ಆಗಲೇ ಒಣಗಿತ್ತು. ಅದು ಒಣಗಿದ್ದು ಉಪ್ಪುನೀರು ಎತ್ತಿ ಅಲ್ಲ, ಕಾರ್ಖಾನೆಗೆ ಸಿಹಿನೀರು ಎಳೆದು. 2024ರ ಮಾರ್ಚಿನಲ್ಲಿ ಪ್ರಾಂತ್ಯದ ನ್ಯಾಯಾಲಯ, ಎಲ್ಲ ಯೋಜನೆಗಳ ಒಟ್ಟು ಪರಿಣಾಮ ಅಳೆಯುವವರೆಗೆ ಅಲ್ಲಿ ಹೊಸ ಅನುಮತಿ ಬೇಡ ಎಂದಿತು. ಇದೇ ಕಾರಣಕ್ಕೆ ‘ಕೊಳ ಬೇಡ, ಉಪ್ಪುನೀರಿನಿಂದ ನೇರವಾಗಿ ಲಿಥಿಯಂ ಹಿಡಿಯುವ ಡಿಎಲ್‌ಇ ಬಂದಿದೆ’ ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಲಿಥಿಯಂ ಹಿಡಿದ ರಾಳವನ್ನು ತೊಳೆಯಲು ಸಿಹಿನೀರೇ ಬೇಕು. ಕೆಲವು ವಿಧಾನಗಳಿಗೆ ಕೊಳಗಳಿಗಿಂತ ಹೆಚ್ಚೇ ಬೇಕು. ಬಳಸಿದ ಉಪ್ಪುನೀರನ್ನು ತಿರುಗಿ ನೆಲಕ್ಕಿಳಿಸಿದರೆ ಪಕ್ಕದ ಬಾವಿಯ ಲಿಥಿಯಂ ತೆಳುವಾಗುತ್ತದೆ, ದೂರ ಇಳಿಸಿದರೆ ಮಟ್ಟ ಕಾಯ್ದುಕೊಳ್ಳುವ ಉದ್ದೇಶವೇ ತಪ್ಪುತ್ತದೆ.

ಕೇಳಬೇಕಾದದ್ದು ಪಂಪು ಹಾಕುವ ಮೊದಲಿನ ಅಳತೆ. ಮುಂಚಿನ ದಾಖಲೆ ಕೈಯಲ್ಲಿಲ್ಲದಿದ್ದರೆ ವಾದ ಎಷ್ಟು ವರ್ಷ ಎಳೆಯುತ್ತದೆಂದು ಎಂಡೋಸಲ್ಫಾನ್ ಕೀಟನಾಶಕದ ಹಾವಳಿ ಕಂಡ ಎಣ್ಮಕಜೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಗಾ ಬಾವಿಗಳು ಬಯಲಿನ ನಡುವೆಯಲ್ಲ, ಅಂಚಿನಲ್ಲಿರಬೇಕು, ಒಂದೇ ಜಾಗದಲ್ಲಿ ಎರಡು ಮೂರು ಆಳಕ್ಕೆ. ಅಳೆದ ಮಟ್ಟವನ್ನು ಸಾಂದ್ರತೆಗೆ ತಕ್ಕಂತೆ ತಿದ್ದಬೇಕು: 50 ಮೀಟರು ಉಪ್ಪುನೀರಿನ ಒತ್ತಡ 60 ಮೀಟರು ಸಿಹಿನೀರಿಗೆ ಸಮ, ತಿದ್ದದ ಅಂಕಿಯಿಂದ ನೀರು ಯಾವ ಕಡೆ ಹರಿಯುತ್ತಿದೆ ಎಂಬುದೇ ತಲೆಕೆಳಗಾಗುತ್ತದೆ. ಮಳೆ ಬಂದ ವರ್ಷ, ಬಾರದ ವರ್ಷ ಎರಡೂ ದಾಖಲೆಯಲ್ಲಿರಬೇಕು. ಪಂಪು ನಿಲ್ಲಿಸುವ ಮಟ್ಟವನ್ನು ಮೊದಲೇ ಬರೆದಿಟ್ಟಿರಬೇಕು, ಅದೂ ತುಸು ಮೇಲೆಯೇ. ನಡುವಿನ ಇಳಿತ ಅಂಚಿಗೆ ಮುಟ್ಟಲು ವರ್ಷಗಳೇ ಬೇಕು. ಅಂಚಿನಲ್ಲಿ ಕಂಡ ಮೇಲೆ ಪಂಪು ನಿಲ್ಲಿಸಿದರೂ ಇಳಿಯುವುದು ನಿಲ್ಲುವುದಿಲ್ಲ.

ಕಾಬಿಲ್ ಮೂರು ಸಾರ್ವಜನಿಕ ವಲಯದ ಕಂಪನಿಗಳ ಜಂಟಿ ಸಂಸ್ಥೆ, ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ‘ಪರಿಸರದ ಮೇಲಿನ ಪರಿಣಾಮ ತಿಳಿಸಿ’ ಎಂದು ಬರೆದರೆ ಎರಡು ಸಾಲಿನ ಉತ್ತರ ಬರುತ್ತದೆ. ಅಂಚಿನ ನಿಗಾ ಬಾವಿಗಳೆಷ್ಟು, ಯಾವ ಆಳಕ್ಕೆ, ಯಾವ ತಿಂಗಳಿಂದ ಅಳತೆ, ಸಿಹಿನೀರು ಎಲ್ಲಿಂದ ಮತ್ತು ಸೆಕೆಂಡಿಗೆ ಎಷ್ಟು ಲೀಟರು ಎಂದು ಬಿಡಿಬಿಡಿಯಾಗಿ ಕೇಳಿ. ಲಿಥಿಯಂ ಪ್ರಮಾಣವನ್ನು ವ್ಯಾಪಾರ ಗುಟ್ಟು ಎಂದು ಅವರು ಮುಚ್ಚಿಡಬಹುದು. ಅಂಚಿನ ಬಾವಿಯ ನೀರಿನ ಮಟ್ಟ ಗುಟ್ಟು ಎನ್ನುವುದು ಅಷ್ಟು ಸುಲಭವಲ್ಲ.