ಆಗುಂಬೆ ಘಾಟಿಯಲ್ಲಿ ಕಾರಿನ ಮುಂದೆ ನಡೆದ ರಾತ್ರಿ

ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ನಮ್ಮ ಮನೆಯಲ್ಲಿ ಆಗುಂಬೆಯ ಮಾತು ಶುರುವಾಗುತ್ತದೆ. ಉಡುಪಿಯಿಂದ ಹೆಚ್ಚುಕಡಿಮೆ 55 ಕಿಲೋಮೀಟರ್ ಅಷ್ಟೇ. ಈ ಸಲ ಶನಿವಾರ ಊಟ ಮುಗಿಸಿ ನಾನು, ಅಕ್ಕ, ಭಾವ ಮೂವರೂ ಹೊರಟೆವು. ಮಣಿಪಾಲ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಯಲ್ಲಿ ಚಾ, ಬಿಸಿ ಗೋಳಿಬಜೆ.

ಹೆಬ್ರಿ ಕಳೆದ ಮೇಲೆ ಎರಡೂ ಕಡೆಯಿಂದ ಕಾಡು ಒತ್ತಿಕೊಂಡು ಬರುತ್ತದೆ. ಇದು ಸೋಮೇಶ್ವರ ವನ್ಯಜೀವಿ ಧಾಮ, 1974ರಲ್ಲಿ ಘೋಷಣೆಯಾದದ್ದು. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿ ಇದರ ನಡುವೆಯೇ ಹಾದು ಹೋಗುತ್ತದೆ. ನಾವು ಮೇಲೆ ಹೋಗುವ ಅವಸರದಲ್ಲಿರುತ್ತೇವೆ, ಆದರೆ ಇಲ್ಲಿನ ಪ್ರಾಣಿಗಳಿಗೆ ಬೇಕಾದದ್ದು ಈ ಬದಿಯಿಂದ ಆ ಬದಿಗೆ ಹೋಗುವ ಹತ್ತು ಹೆಜ್ಜೆ ಮಾತ್ರ.

ಸೀತಾನದಿಯ ಹತ್ತಿರ ಭಾವ ಬ್ರೇಕ್ ಹಾಕಿದರು. ರಸ್ತೆ ನಡುವೆ ತೆಂಗಿನಕಾಯಿ ಗಾತ್ರದ ಒಂದು ಕಾಡಾಮೆ. ಕಾರು ಕಂಡು ತಲೆ ಒಳಗೆ ಎಳೆದುಕೊಂಡು ಅಲ್ಲೇ ಕೂತಿತು. ಹಿಂದಿನಿಂದ ಬರುವವರಿಗೆ ಕಾಣಲಿ ಅಂತ ಭಾವ ನಾಲ್ಕೂ ಇಂಡಿಕೇಟರ್ ಹಾಕಿದರು, ನಾನು ಕೊಡೆ ಬಿಡಿಸಿ ಹಿಂದೆ ನಿಂತೆ. ಅಕ್ಕ ಇಳಿದು, ಪಾಪ ದಾರಿ ತಪ್ಪಿ ಬಂದಿರಬೇಕು ಅಂತ ಅದನ್ನು ಬಂದ ಕಡೆಗೇ ತಿರುಗಿಸಿ ಬಿಡಲು ಹೊರಟಳು. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ಅಲ್ಲೇ ನಿಂತರು.

"ಹಾಗೆ ಮಾಡ್ಬೇಡ ಮಗಾ. ಅದರ ಮುಖ ಎತ್ತ ಉಂಟು ನೋಡು, ಆ ಕಡೆಗೇ ಬಿಡು. ಹಿಂದೆ ಬಿಟ್ರೆ ನೀವು ಹೋದ ಮೇಲೆ ಪುನಃ ರಸ್ತೆಗೆ ಬರ್ತದೆ."

ಎಷ್ಟು ಸರಿಯಾದ ಮಾತು ಅಲ್ವಾ! ಆಮೆಗೆ ತಾನು ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುತ್ತದೆ, ನಡುವೆ ಬಂದದ್ದು ರಸ್ತೆ. ಅಕ್ಕ ಎರಡೂ ಕೈಯಲ್ಲಿ ಚಿಪ್ಪಿನ ಬದಿ ಹಿಡಿದು, ನೆಲದಿಂದ ಒಂದು ಗೇಣು ಎತ್ತರದಲ್ಲೇ ಒಯ್ದು, ಹೊಳೆಯ ಕಡೆ ತರಗೆಲೆ ಮೇಲೆ ಇಟ್ಟಳು. ತುಂಬ ಎತ್ತರಕ್ಕೆ ಎತ್ತಬಾರದು, ಜಾರಿ ಬಿದ್ದರೆ ಚಿಪ್ಪು ಒಡೆಯುತ್ತದೆ. ಮನೆಗೆ ತೆಗೆದುಕೊಂಡು ಹೋಗಿ ಸಾಕುವ ಆಸೆಯಂತೂ ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಸೋಮೇಶ್ವರ ದಾಟಿ ಘಾಟಿ ಶುರು. ಹದಿನಾಲ್ಕು ತಿರುವು. ಒಂದು ತಿರುವಿನ ಮೇಲೆ ವ್ಯಾನ್ ನಿಲ್ಲಿಸಿಕೊಂಡು ಒಂದು ಕುಟುಂಬ ಚಿಪ್ಸ್ ಎಸೆಯುತ್ತಿತ್ತು. ತಿನ್ನಲು ಬಂದದ್ದು ಊರ ಮಂಗಗಳಲ್ಲ, ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ! ಒಂದು ತಾಯಿ ಮರಿಯನ್ನು ಹೊಟ್ಟೆಗೆ ಅಪ್ಪಿಕೊಂಡು ಡಾಂಬರಿನ ಮೇಲೆ ಕೂತಿತ್ತು, ನನಗೆ ಹೊಟ್ಟೆ ಚುರ್ ಅಂದಿತು. ಸಿಂಗಳೀಕ ಮರದ ಮೇಲೇ ಬದುಕುವ ಪ್ರಾಣಿ, ಕೊಂಬೆಯಿಂದ ಕೊಂಬೆಗೆ ಹೋಗುತ್ತಾ ನೆಲಕ್ಕೆ ಇಳಿಯುವುದೇ ಅಪರೂಪ. ಈಗ ಅದು ಇಳಿಯುವುದಕ್ಕೆ ಎರಡೇ ಕಾರಣ. ಒಂದು, ರಸ್ತೆ ಅಗಲವಾದ ಕಡೆ ಮೇಲಿನ ಕೊಂಬೆಗಳು ಕೂಡುವುದಿಲ್ಲ. ಇನ್ನೊಂದು, ನಮ್ಮ ಚಿಪ್ಸ್.

ಅಕ್ಕ ಹೋಗಿ ಮೆಲ್ಲಗೆ ಹೇಳಿದಳು, "ಅಣ್ಣ, ನೀವು ಪ್ರೀತಿಯಿಂದಲೇ ಕೊಡ್ತಾ ಇದ್ದೀರಿ. ಆದ್ರೆ ನಾಳೆಯೂ ಯಾರಾದ್ರೂ ಕೊಡ್ತಾರೆ ಅಂತ ಅವು ಇದೇ ತಿರುವಿನಲ್ಲಿ ಕಾಯ್ತವೆ. ವೇಗವಾಗಿ ಬರುವ ಗಾಡಿಯವನಿಗೆ ತಿರುವಿನಾಚೆ ಎಂತ ಉಂಟು ಅಂತ ಕಾಣುದಿಲ್ಲ." ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಪೊಟ್ಟಣ ಒಳಗಿಟ್ಟು ಹೊರಟರು. ಐದು ನಿಮಿಷದಲ್ಲಿ ಹಿಂಡು ಮರ ಹತ್ತಿತು.

ಕೊಂಬೆ ಕೂಡದಿದ್ದರೆ ನಾವೇ ಕೂಡಿಸಬಹುದು. ತಮಿಳುನಾಡಿನ ವಾಲ್ಪಾರೈಯಲ್ಲಿ ಇದೇ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ, ಅದೂ ಅಗ್ನಿಶಾಮಕ ದಳದ ಹಳೆಯ ಕ್ಯಾನ್ವಾಸ್ ಪೈಪ್‌ಗಳಿಂದ. ಅವು ಅದರ ಮೇಲೆ ಆರಾಮವಾಗಿ ಓಡಾಡುತ್ತವೆ. ದೊಡ್ಡ ಪ್ರಾಣಿಗಳಿಗೆ ದೊಡ್ಡ ಕೆಲಸವೇ ಬೇಕು. ಮಧ್ಯಪ್ರದೇಶ, ಮಹಾರಾಷ್ಟ್ರ ಗಡಿಯ ಪೆಂಚ್ ಕಾಡಿನಲ್ಲಿ 44ನೇ ಹೆದ್ದಾರಿಯನ್ನು ಎತ್ತರಿಸಿ ಕೆಳಗೆ ದಾರಿ ಬಿಟ್ಟಿದ್ದಾರೆ, ಅಲ್ಲಿ ಹುಲಿ ಕೂಡ ನಡೆದು ಹೋಗುತ್ತದೆ. ನಮ್ಮ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ತುರ್ತು ವಾಹನ, ಕೆಲವು ಬಸ್ ಬಿಟ್ಟರೆ ಸಂಚಾರವೇ ಬಂದ್. ನನ್ನ ಮಟ್ಟಿಗೆ ಕಾಡುಪ್ರಾಣಿಗೆ ರಾತ್ರಿಯ ಖಾಲಿ ರಸ್ತೆಗಿಂತ ದೊಡ್ಡ ಉಪಕಾರ ಇಲ್ಲ.

ಆಗುಂಬೆಯಲ್ಲಿ ಸೂರ್ಯಾಸ್ತದ ಜಾಗದಲ್ಲಿ ಬರೀ ಮಂಜು. ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು, ಜೂನ್‌ನಲ್ಲಿ ಇನ್ನೇನು ಕಾಣಲು ಸಾಧ್ಯ? ಬಿಸಿ ಬಿಸಿ ಕಷಾಯ ಕುಡಿದು, ಮಾತಾಡುತ್ತಾ ಹೊತ್ತು ಹೋಯಿತು. ಕೆಳಗೆ ಹೊರಡುವಾಗ ಕತ್ತಲಾಗಿತ್ತು. ಅದು ನಮ್ಮ ತಪ್ಪು.

ಮೂರನೇ ತಿರುವು ಕಳೆದಾಗ ರಸ್ತೆ ಮೇಲೆ ಒಣಗಿದ ಎಲೆಗಳು ಹಾರಿದ ಹಾಗೆ ಕಂಡಿತು. ಇಷ್ಟು ಮಳೆಯಲ್ಲಿ ಒಣ ಎಲೆ ಎಲ್ಲಿಂದ? "ಭಾವ, ನಿಲ್ಲಿಸಿ, ಕಪ್ಪೆ!" ಅಂದೆ. ಒಂದೆರಡಲ್ಲ, ಲೈಟ್ ಬಿದ್ದಷ್ಟು ದೂರಕ್ಕೂ ಕಪ್ಪೆಗಳು. ಮೊದಲ ಮಳೆಗಳ ರಾತ್ರಿ ಅವು ಕಾಡಿನಿಂದ ನೀರಿನ ಕಡೆ ಮೊಟ್ಟೆಯಿಡಲು ಹೊರಡುತ್ತವೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಒಂದು ಹೆಣ್ಣು ಚಕ್ರಕ್ಕೆ ಸಿಕ್ಕಿದರೆ ನೂರಾರು ಮರಿ ಅಲ್ಲೇ ಮುಗಿದ ಹಾಗೆ. ಹೆಡ್‌ಲೈಟ್ ಕಣ್ಣಿಗೆ ಬಿದ್ದರೆ ಅವು ಓಡುವುದೂ ಇಲ್ಲ, ಸುಮ್ನೆ ಕೂತುಬಿಡುತ್ತವೆ.

ತಿರುವಿನಲ್ಲಿ ನಿಲ್ಲುವುದು ನಮಗೂ ಬೇರೆಯವರಿಗೂ ಅಪಾಯ. ಭಾವ ತೆವಳಿದ ಹಾಗೆ ಇಳಿಸಿ, ನೇರವಾದ ಜಾಗ ಸಿಕ್ಕಿದ ಮೇಲೆ ಬದಿಗೆ ಹಾಕಿ ಲೈಟ್ ಡಿಮ್ ಮಾಡಿದರು. ನಾನು ಹಳದಿ ರೈನ್‌ಕೋಟ್ ಹಾಕಿಕೊಂಡು ಟಾರ್ಚ್ ಹಿಡಿದು ಮುಂದೆ ನಡೆದೆ. ಅಕ್ಕ ಕಷಾಯ ಕುಡಿಯುವ ಮೊದಲು ಕೈಗೆ ಸ್ಯಾನಿಟೈಸರ್ ಹಾಕಿದ್ದಳು, ಅದನ್ನು ಮಳೆನೀರಲ್ಲಿ ಚೆನ್ನಾಗಿ ತೊಳೆದಳು. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವ, ಕೈಯಲ್ಲಿ ಏನಿದ್ದರೂ ಅದರ ಮೈಗೆ ಸೇರುತ್ತದೆ. ಹೆಚ್ಚಿನವನ್ನು ಮುಟ್ಟಬೇಕಾಗಲೇ ಇಲ್ಲ, ಹಿಂದೆ ಕಾಲು ಊರಿದರೆ ತಾವೇ ಹಾರಿದವು. ಅಲುಗಾಡದವನ್ನು ಮಾತ್ರ ಒದ್ದೆ ಕೈಯಲ್ಲಿ ಎತ್ತಿ, ಮುಖ ಮಾಡಿದ ಕಡೆಗೇ ಬಿಟ್ಟೆವು. ಅಜ್ಜಿ ಹೇಳಿದ್ದು ಕಪ್ಪೆಗೂ ಸರಿಯೇ.

ಒಂದು ಕಡೆ ರಸ್ತೆ ಅಂಚಿನಲ್ಲಿ ಹಸಿರು ಗುಳಿಮಂಡಲ ಮಲಗಿತ್ತು. ವಿಷದ ಹಾವು. ಹಾವಿಗೆ ಕೈ, ಕೋಲು ಏನೂ ಬೇಡ. ದೂರ ನಿಂತೆವು, ಅದು ತನ್ನಷ್ಟಕ್ಕೆ ಹೋಗುವವರೆಗೆ ಏಳೆಂಟು ನಿಮಿಷ ಕಾದೆವು.

ಹಿಂದಿನಿಂದ ಬಂದ ಎರಡು ಬೈಕ್‌ನವರು ಮೊದಲು ಹಾರ್ನ್ ಹೊಡೆದರು. ಆಮೇಲೆ ಒಬ್ಬ ಇಳಿದು ಬಂದು ನೋಡಿ, "ಅಯ್ಯೋ ದೇವ್ರೇ, ನಾವು ಇಷ್ಟು ದೂರ ಇದರ ಮೇಲೇ ಬಂದದ್ದಾ?" ಅಂದ. ಮಾತಿಲ್ಲದೆ ಮೊಬೈಲ್ ಟಾರ್ಚ್ ಹಾಕಿ ನನ್ನ ಜೊತೆ ನಡೆದ. ಅವನ ಗೆಳೆಯ ಬೈಕನ್ನು ನಡೆಯುವಷ್ಟೇ ವೇಗದಲ್ಲಿ ತಂದ.

ಎಲ್ಲವನ್ನೂ ಉಳಿಸಲು ಆಗಲಿಲ್ಲ. ನಮಗಿಂತ ಮುಂಚೆ ಹೋದ ಗಾಡಿಗಳ ಗುರುತು ಉದ್ದಕ್ಕೂ ಇತ್ತು.

ಸೋಮೇಶ್ವರಕ್ಕೆ ಬರುವಾಗ ಒಂಬತ್ತೂವರೆ. ಅಮ್ಮನಿಗೆ ಫೋನ್ ಮಾಡಿ, ಗಂಜಿ ಬಿಸಿ ಮಾಡಿಡಿ, ತಡ ಆಗುತ್ತದೆ ಅಂದೆ. ಜುಲೈಯಲ್ಲಿ ಮತ್ತೆ ಹೋಗುವುದಿದೆ. ಬೆಳಗ್ಗೆ ಹೊರಟು ನಾಲ್ಕು ಗಂಟೆಗೇ ಘಾಟಿ ಇಳಿದಾಗಬೇಕು ಅಂತ ಭಾವ ಈಗಲೇ ಹೇಳಿದ್ದಾರೆ.