ಕುಂಬಳಕಾಯಿ ಕಳ್ಳ

12 ಅಕ್ಟೋಬರ್ 2024, ಶನಿವಾರ, ರಾತ್ರಿ 10:40
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಹತ್ತು ನಿಮಿಷದ ಹಿಂದೆ ಸ್ಟ್ರೋಲರ್ ಮಡಚಿಡೋಣ ಅಂತ ಗ್ಯಾರೇಜಿಗೆ ಹೋದೆ. ಕೆಳಗಿನ ಬುಟ್ಟಿಯಲ್ಲಿ ಡೈಪರ್ ಚೀಲ, ಅರ್ಧ ತಿಂದ ಬಾಳೆಹಣ್ಣು, ಒಂದೇ ಒಂದು ಸಾಕ್ಸು. ಅದರ ಹಿಂದೆ ಮೋಸಂಬಿ ಗಾತ್ರದ ಒಂದು ಕುಂಬಳಕಾಯಿ. ನಾವು ದುಡ್ಡು ಕೊಟ್ಟಿದ್ದು ಎರಡಕ್ಕೆ. ಇದು ಮೂರನೆಯದು.

ತೊಟ್ಟಿನ ಪಕ್ಕದಲ್ಲಿ ನಾಲ್ಕು ಹಲ್ಲಿನ ಗುರುತು. ಕಳ್ಳ ಯಾರು ಅಂತ ವಿಚಾರಿಸಬೇಕಾಗಿಲ್ಲ. ಆದರೂ ಗ್ಯಾರೇಜಿನಲ್ಲಿ ಒಬ್ಬಳೇ ನಿಂತುಕೊಂಡು ಹೆಗಲು ಮುಟ್ಟಿ ನೋಡಿಕೊಂಡವಳು ನಾನು.

ಕುಂಬಳಕಾಯಿ ತರೋಕೆ ಹಾಫ್ ಮೂನ್ ಬೇ ಅನ್ನುವ ಕಡಲ ಪಕ್ಕದ ಊರಿಗೆ ಇವತ್ತೇ ಹೋಗಬೇಕು ಅಂತ ಹಟ ಹಿಡಿದಿದ್ದೂ ನಾನೇ. ಮುಂದಿನ ಶನಿವಾರ, ಭಾನುವಾರ ಅಲ್ಲಿ ಕುಂಬಳಕಾಯಿ ಜಾತ್ರೆ. ಆವಾಗ 92ನೇ ರಸ್ತೆಗೆ ಇಳಿದರೆ ಕಾರಿನಲ್ಲೇ ಸಂಸಾರ ಹೂಡಬೇಕು. ಅಮ್ಮನಿಗೆ ಮಾತ್ರ ಸಮಾಧಾನ ಇರಲಿಲ್ಲ. "ವಿಜಯದಶಮಿ ದಿನ ಯಾರಾದ್ರೂ ಮನೆ ಬೀಗ ಹಾಕ್ಕೊಂಡು ಊರು ಸುತ್ತೋಕೆ ಹೋಗ್ತಾರಾ?" ಬೆಳಿಗ್ಗೆ ಎದ್ದವಳೇ ಟೀವಿಯಲ್ಲಿ ಜಂಬೂ ಸವಾರಿ ಹಾಕಿಸಿಕೊಂಡಳು. ಅದು ನಡೆಯುವಾಗ ನಮಗೆ ನಡುರಾತ್ರಿ ಕಳೆದಿತ್ತು, ನಾವು ನೋಡಿದ್ದು ರೆಕಾರ್ಡಿಂಗು. ಅಭಿಮನ್ಯು ಅಂಬಾರಿ ಹೊತ್ತು ಬರುವಾಗ ಅಮ್ಮ ಸೋಫಾದಿಂದ ಎದ್ದು ಕೈ ಮುಗಿದಳು. ಪುಟ್ಟ "ಆನೆ, ಆನೆ" ಅಂತ ಆನೆಯ ಬಾಯಿಗೆ ಉಪ್ಪಿಟ್ಟು ಮೆತ್ತಿದ. ಟೀವಿ ಇನ್ನೂ ಒರೆಸಿಲ್ಲ.

280ನೇ ಹೆದ್ದಾರಿ ಬಿಟ್ಟು 92 ಹಿಡಿಯುತ್ತಿದ್ದ ಹಾಗೆ ಕಾರುಗಳ ಸಾಲು ಶುರು. ಅಳಿಯ ಅತ್ತೆಗೆ ಜ್ಞಾನದಾನ ಮಾಡುವುದಕ್ಕೆ ಒಳ್ಳೇ ಸಮಯ. ಹೋದ ವರ್ಷ ಇದೇ ಊರಿನ ತೂಕದ ಸ್ಪರ್ಧೆಯಲ್ಲಿ ಒಂದು ಕುಂಬಳಕಾಯಿ 2,749 ಪೌಂಡ್ ತೂಗಿ ವಿಶ್ವದಾಖಲೆ ಆಯಿತು, ಅಂದರೆ ಸುಮಾರು 1,247 ಕಿಲೋ, ಈ ವರ್ಷದ್ದು ನಾಡಿದ್ದು ಸೋಮವಾರ, ಅಂತ ಇವರು ಹೇಳಿದರು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಂಬಾರಿ ಎಷ್ಟು ತೂಕ?"

"750 ಕಿಲೋ."

"ಹಾಗಾದ್ರೆ ಆ ಕಾಯಿ ಹೊರೋಕೆ ಅಭಿಮನ್ಯು ಒಬ್ಬ ಸಾಲೋದಿಲ್ಲ ಅನ್ನಿ."

ಕುಂಬಳಕಾಯಿ ತೋಟದ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಇಲ್ಲಿರುವವರಿಗೆಲ್ಲ ಗೊತ್ತು: ಹುಲ್ಲಿನ ಪೆಂಡಿಗಳು, ಜೋಳದ ಗಿಡಗಳ ಮಧ್ಯೆ ದಾರಿ ತಪ್ಪಿಸುವ ಆಟ, ಟ್ರ್ಯಾಕ್ಟರ್ ಸವಾರಿ, ಮಗುವನ್ನು ಕುಂಬಳಕಾಯಿ ರಾಶಿಯ ನಡುವೆ ಕೂರಿಸಿ "ಇಲ್ನೋಡು, ಇಲ್ನೋಡು" ಅನ್ನುವ ಅಪ್ಪ ಅಮ್ಮಂದಿರ ಸಾಲು. ನಾವೂ ಕೂರಿಸಿದೆವು. ನಲವತ್ತು ಫೋಟೋ ತೆಗೆದು ಒಂದರಲ್ಲೂ ಅವನು ನಕ್ಕಿಲ್ಲ. ಅಷ್ಟು ಕುಂಬಳಕಾಯಿಯ ಮಧ್ಯೆ ಅವನಿಗೆ ಬೇಕಾಗಿದ್ದು ನೆಲದ ಜಲ್ಲಿಕಲ್ಲು. ಒಂದೊಂದೇ ಹೆಕ್ಕಿ ಕೈಗಾಡಿಗೆ ಹಾಕುವುದು, ಮತ್ತೆ ಒಂದೊಂದೇ ತೆಗೆದು ಕೆಳಗೆ ಹಾಕುವುದು. ಮುಕ್ಕಾಲು ಗಂಟೆ ಇದೇ ಕೆಲಸ. ಸನ್ನಿವೇಲ್‌ನಲ್ಲಿ ಬಿಸಿಲು ಅಂತ ತೆಳು ಅಂಗಿ ಹಾಕಿಕೊಂಡು ಹೋಗಿದ್ದೆ. ಅಲ್ಲಿ ಸಮುದ್ರದ ಮಂಜು. ಅಮ್ಮನ ಶಾಲಿನೊಳಗೆ ನಾನೂ ಅರ್ಧ ಸೇರಿಕೊಂಡೆ.

ಅಮ್ಮ ಹೊಲವನ್ನು ಉದ್ದಕ್ಕೂ ನೋಡಿ ಕೇಳಿದ ಮೊದಲ ಪ್ರಶ್ನೆ, "ಬಳ್ಳಿ ಎಲ್ಲಿ?"

ಇಷ್ಟು ವರ್ಷ ಬಂದಿದ್ದೇನೆ, ನನಗೆ ಇದು ಹೊಳೆದೇ ಇರಲಿಲ್ಲ. ಕಾಯಿಗಳನ್ನು ಎಲ್ಲೋ ಬೆಳೆದು, ಕೊಯ್ದು, ಇಲ್ಲಿ ತಂದು ಸಾಲಾಗಿ ಕೂರಿಸಿದ್ದಾರೆ. ಒಂದಾದರೂ ಎಲೆ ಬೇಡವಾ! "ಇದು ಹೊಲ ಅಲ್ಲ, ಅಂಗಡಿ. ನೆಲದ ಮೇಲೆ ಇಟ್ಟಿದ್ದಾರೆ ಅಷ್ಟೇ" ಅಂತ ಅಮ್ಮ ತೀರ್ಪು ಕೊಟ್ಟಳು. ನಮ್ಮ ಹಿತ್ತಿಲಲ್ಲಿ ಗೊಬ್ಬರದ ಗುಂಡಿಯ ಪಕ್ಕ ಬೀಜ ಬಿದ್ದು ತಾನಾಗಿಯೇ ಹಬ್ಬಿ, ಬಚ್ಚಲಿನ ಹೆಂಚು ಹತ್ತಿ ಕೂರುತ್ತಿದ್ದ ಬಳ್ಳಿ ನೆನಪಾಗಿರಬೇಕು. "ಗುರುವಾರ ಭೂಮಿ ಹುಣ್ಣಿಮೆ" ಅಂದಳು ಆಮೇಲೆ, ಯಾರಿಗೂ ಅಲ್ಲ ಅನ್ನುವ ಹಾಗೆ. ಊರಲ್ಲಿ ಈಗ ಭತ್ತ ತೆನೆ ತುಂಬುವ ಹೊತ್ತು. ಬಸುರಿ ಭೂಮಿಗೆ ಬಯಕೆ ಬಡಿಸುವ ಹಬ್ಬ. ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಗೆ ಹೋಗುವವರ ಕೂಗಿಗೆ ನಾನು ಕಂಬಳಿಯೊಳಗೇ ಎಚ್ಚರ ಆಗುತ್ತಿದ್ದೆ.

ಕಾಯಿ ಆರಿಸಿದ್ದು ಅಮ್ಮ. ಬೆರಳ ಗೆಣ್ಣಿನಿಂದ ತಟ್ಟಿ, ತೊಟ್ಟು ಒಣಗಿದೆಯಾ ನೋಡಿ, ಉಗುರು ಊರಿ, ಅದರ ಗುರುತು ಬಿದ್ದರೆ ಬದಿಗಿಟ್ಟು. ಪಕ್ಕದಲ್ಲಿದ್ದ ಬಿಳಿಯ ಹುಡುಗಿಯೊಬ್ಬಳು ಅವಳನ್ನು ನೋಡಿ ತಾನೂ ತಟ್ಟತೊಡಗಿದಳು. ಬಿಳಿ ಕುಂಬಳಕಾಯಿ ಕಂಡಾಗ ಅಮ್ಮನ ಮುಖ ಅರಳಿತು. "ಬೂದುಗುಂಬಳ! ನಿನ್ನೆ ಆಯುಧಪೂಜೆಗೆ ನಿಂಬೆಹಣ್ಣಲ್ಲೇ ಮುಗಿಸಿದ್ವಿ." ಬೂದಿ ಉಜ್ಜಿ ನೋಡಿದಳು, ಇರಲಿಲ್ಲ. ಬಣ್ಣ ಮಾತ್ರ ಬಿಳಿ. ಕೆಳಗಿಟ್ಟಳು.

ಕೊನೆಗೆ ಎರಡು. ಒಂದು ದೊಡ್ಡದು, ಮುಖ ಕೊರೆಯುವುದಕ್ಕೆ. ಇನ್ನೊಂದು ಅಡುಗೆಗೆ, ಇಲ್ಲಿಯವರು ಶುಗರ್ ಪೈ ಅನ್ನುತ್ತಾರಲ್ಲ, ಅದು. ಎರಡೂ ಸೇರಿ 28 ಡಾಲರ್. ಅಮ್ಮ 84ರಿಂದ ಗುಣಿಸುವ ಮೊದಲೇ ನಾನು ಅವಳ ಕೈ ಹಿಡಿದು ಮುಂದೆ ನಡೆದೆ. ಆದರೂ ಪಾರ್ಕಿಂಗಿನಲ್ಲಿ ಉತ್ತರ ಬಂತು. "ಎರಡು ಸಾವಿರದ ಮುನ್ನೂರಾ ಐವತ್ತೆರಡು."

ಟ್ರ್ಯಾಕ್ಟರ್ ಬಿಟ್ಟು ಬರಬೇಕಾದಾಗ ಪುಟ್ಟ ನೆಲದ ಮೇಲೆ ಉದ್ದಕ್ಕೆ ಮಲಗಿ ಅತ್ತಿದ್ದು, ಕಾರಿನ ಸೀಟಿಗೆ ಕಟ್ಟುವಾಗ ನನ್ನ ಕನ್ನಡಕ ಹಾರಿದ್ದು, ಇದೆಲ್ಲ ಬೇಡ. ಎರಡು ನಿಮಿಷಕ್ಕೆ ನಿದ್ದೆ ಹೋದ.

ನಾನು ಬರೆಯೋಕೆ ಕೂತಿದ್ದು ವಾಪಸ್ ಬರುವಾಗ ಆದ ಮಾತಿಗೆ.

ದೊಡ್ಡ ಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಡುತ್ತಾರೆ, ಹ್ಯಾಲೋವೀನ್ ಮುಗಿದ ಮೇಲೆ ಕಸಕ್ಕೆ ಹಾಕುತ್ತಾರೆ ಅಂತ ಕೇಳಿ ಅಮ್ಮ ಬೇಜಾರಾದಳು. ಐರ್ಲೆಂಡಿನವರು ಮೊದಲು ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು, ಇಲ್ಲಿಗೆ ಬಂದ ಮೇಲೆ ಕುಂಬಳಕಾಯಿ ಸಿಕ್ಕಿತು ಅಂತ ಇವರ ಇನ್ನೊಂದು ಕಂತು. ಅಮ್ಮ ಕೇಳಿಸಿಕೊಳ್ಳಲಿಲ್ಲ. "ಚಿಕ್ಕದನ್ನಾದ್ರೂ ನಾಳೆ ಮೊಸರು ಹಾಕಿ ಸಾಸಿವೆ ಮಾಡೋಣ. ಸಿಪ್ಪೆ ಚಟ್ನಿಗೆ ಆಗತ್ತೆ. ಅಳಿಯಂದಿರು ಬೆಳಿಗ್ಗೆ ಒಂದು ಏಟು ಹಾಕಿಕೊಟ್ರೆ ಆಯ್ತು."

"ಅವರು ಯಾಕೆ? ನಾನು ಹೆಚ್ಚುತೀನಿ."

"ಇಡೀ ಕಾಯಿ ಹೆಂಗಸರು ಒಡೀಬಾರದು ಕಣೇ."

ನನಗೆ ಸುಮ್ನೆ ಇರೋಕೆ ಬರೋದಿಲ್ಲ. ನನ್ನ ಕೈಗೆ ಏನಾಗಿದೆ, ಮಗು ಹೆತ್ತ ಕೈ, ಸಾಲದ ಕಾಗದಕ್ಕೆ ಸಹಿ ಹಾಕಿದ ಕೈ, ಕುಂಬಳಕಾಯಿಗೆ ಆಗಲ್ವಾ ಅಂತ ಶುರು ಮಾಡಿದೆ. ಇವರು ಕನ್ನಡಿಯಲ್ಲಿ ನೋಡಿ ರೇಡಿಯೋ ಸಣ್ಣ ಮಾಡಿದರು.

"ಅದು ಬಲಿ ಕೊಟ್ಟ ಹಾಗಂತೆ. ಹೆತ್ತವಳು ಮಾಡಬಾರದು ಅಂತ ನಮ್ಮತ್ತೆ ಹೇಳ್ತಿದ್ರು. ಒಮ್ಮೆ ಗಂಡಸರ ಕೈಲಿ ಒಡೆಸಿದ್ರೆ ಆಮೇಲೆ ನೀನು ಏನು ಬೇಕಾದ್ರೂ ಮಾಡು."

"ಮನೇಲಿ ಗಂಡಸರೇ ಇಲ್ಲದಿದ್ರೆ?"

ವಾದಕ್ಕೆ ಅಂದಿದ್ದು. ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು.

ಅಮ್ಮನಿಗೆ ಏನೂ ಅನಿಸಲಿಲ್ಲವೋ, ಅನಿಸಿದ್ದು ತೋರಿಸಲಿಲ್ಲವೋ. "ಇಡೀದು ತರೋದಿಲ್ಲ ಅಷ್ಟೇ. ಸಂತೆಯಲ್ಲಿ ಹೋಳು ಕೊಡ್ತಾರಲ್ಲ. ಒಬ್ಬಳಿಗೆ ಅಷ್ಟೇ ಜಾಸ್ತಿ" ಅಂದು ಪುಟ್ಟನ ತಲೆ ಸರಿಮಾಡಿದಳು.

ಅಪ್ಪ ಹೋಗಿ ಮೂರು ವರ್ಷ. ಮಳೆಗಾಲಕ್ಕೆ ಮುಂಚೆ ಅಟ್ಟದ ಮೇಲೆ ಚೀನಿಕಾಯಿ, ಅಂದರೆ ಸಿಹಿಗುಂಬಳದ ಸಾಲು ಇರುತ್ತಿತ್ತು. ಅಪ್ಪ ಒಂದನ್ನು ಇಳಿಸಿ ಹಿತ್ತಿಲ ಕಲ್ಲಿನ ಮೇಲಿಟ್ಟು ಕತ್ತಿಯಲ್ಲಿ ಒಂದೇ ಏಟು. ಎರಡು ಹೋಳನ್ನು ಮೆಟ್ಟುಗತ್ತಿಯ ಪಕ್ಕ ತಂದಿಟ್ಟು "ತಗಳೇ, ಇನ್ನು ನಿನ್ನ ರಾಜ್ಯ" ಅಂತ ಕೈ ತೊಳೆಯೋಕೆ ಹೋಗುತ್ತಿದ್ದರು. ಆಮೇಲೆ ಎರಡು ದಿನ ಸಾಸಿವೆ, ಪಲ್ಯ, ದೋಸೆ. ಬೇಡ ಅಂದರೂ ಬಿಡುತ್ತಿರಲಿಲ್ಲ.

ಈ ಮೂರು ವರ್ಷ ಪ್ರತಿ ಭಾನುವಾರ ಫೋನಿನಲ್ಲಿ "ಏನಮ್ಮ ಅಡುಗೆ" ಅಂತ ಕೇಳಿದ್ದೇನೆ. "ಚೀನಿಕಾಯಿ ಸಾಸಿವೆ" ಅಂತ ಎಷ್ಟೋ ಸಲ ಅಂದಿದ್ದಾಳೆ. ನಾನು ಅಟ್ಟದ ಕಾಯಿ ಅಂದುಕೊಂಡಿದ್ದೆ. ಅಟ್ಟ ಖಾಲಿ ಇರಬಹುದು ಅಂತ ಒಂದು ಸಲವಾದರೂ

ಇಷ್ಟು ಬರೆಯುವಾಗ ಅಮ್ಮ ನೀರು ಕುಡಿಯೋಕೆ ಎದ್ದು ಬಂದಳು. ಲ್ಯಾಪ್‌ಟಾಪ್ ಪಕ್ಕದಲ್ಲಿದ್ದ ಮರಿಕಾಯಿ ನೋಡಿದಳು.

"ಇದಕ್ಕೆ ಎಷ್ಟು ಕೊಟ್ರಿ?"

"ಏನೂ ಇಲ್ಲ" ಅಂದೆ. ಸುಳ್ಳಂತೂ ಅಲ್ಲ. ನಾಳೆ ತೋಟದವರಿಗೆ ಫೋನ್ ಮಾಡಿ ಕೇಳಬೇಕು, ಮೂರು ಡಾಲರಿಗೆ 60 ಮೈಲಿ ಓಡಿಸೋಕೆ ಇವರು ಒಪ್ಪೋದಿಲ್ಲ.

ಅಮ್ಮ ಅದನ್ನು ಅಂಗೈಯಲ್ಲಿ ತಿರುಗಿಸಿದಳು. ಹಲ್ಲಿನ ಗುರುತು ಸವರಿದಳು. ಗೆಣ್ಣಿನಿಂದ ತಟ್ಟಿದಳು. "ಎಳೇದು. ಇದಕ್ಕೆ ಯಾವ ಶಾಸ್ತ್ರವೂ ಇಲ್ಲ, ನಾನೇ ಹೆಚ್ಚಬಹುದು" ಅಂದಳು.

ಚಾಕು ಎಲ್ಲಿ ಇಟ್ಟಿದ್ದೀಯಾ ಅಂತ ಕೇಳ್ತಿದ್ದಾಳೆ. ಈ ಹೊತ್ತಿನಲ್ಲಾ!