ರೂಪಾಯಿ ಹೊಸದು, ಪೈಸೆ ಹಳೆಯದು

ತುಮಕೂರು, 2 ಫೆಬ್ರವರಿ 2025, ಭಾನುವಾರ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಬಳಕೆಯಲ್ಲಿರುವ ಪ್ರತಿ ಕಡತಕ್ಕೂ ಸ್ಮೃತಿಯಲ್ಲಿ ಒಂದು ಇನೋಡ್, ಅಂದರೆ ಆ ಕಡತದ ವಿವರಗಳ ದಾಖಲೆ, ಇರುತ್ತದೆ. ಕಡತವನ್ನು ಕೊನೆಯ ಬಾರಿ ಓದಿದ ಸಮಯ, ಬರೆದ ಸಮಯ ಮತ್ತು ಅದರ ವಿವರಗಳು ಬದಲಾದ ಸಮಯ, ಅಂದರೆ ಏಟೈಮ್, ಎಂಟೈಮ್ ಮತ್ತು ಸಿಟೈಮ್‌ಗಳು, ಅದರಲ್ಲೇ ದಾಖಲಾಗಿರುತ್ತವೆ. ಒಂದೊಂದು ಸಮಯವೂ ಎರಡು ತುಂಡು: 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು ಒಂದು, ಉಳಿಕೆಯ ನ್ಯಾನೋಸೆಕೆಂಡುಗಳು ಇನ್ನೊಂದು. ಇಂದಿನ ಮಧ್ಯಾಹ್ನವೆಲ್ಲ ಈ ಎರಡು ತುಂಡುಗಳ ನಡುವಿನ ಸಂದಿನಲ್ಲೇ ಕಳೆಯಿತು.

ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಿದ್ದರು. ವರ್ಚುವಲ್ ಮಷೀನಿನಲ್ಲಿ ಕೆಸಿಸ್ಯಾನ್ ಚಾಲೂ ಮಾಡಿ ಕರ್ನಲ್ ಓಡಿಸಿದಾಗ, ಕಡತದ ವಿವರ ಕೇಳುವ ಸ್ಟ್ಯಾಟ್ ಕರೆಗೆ ಉತ್ತರ ತುಂಬಿಸುವ ಕಡೆ ಒಂದು ಡೇಟಾ ರೇಸ್, ಅಂದರೆ ಒಬ್ಬರು ಬರೆಯುತ್ತಿರುವಾಗಲೇ ಇನ್ನೊಬ್ಬರು ತಡೆಯಿಲ್ಲದೆ ಅದೇ ಜಾಗವನ್ನು ಮುಟ್ಟುವ ಸ್ಥಿತಿ, ಇದೆಯೆಂದು ವರದಿ ಬಂದಿತ್ತು. ಕೆಸಿಸ್ಯಾನ್ ಎಂಬುದು 2020ರಲ್ಲಿ 5.8ನೆಯ ಆವೃತ್ತಿಯ ಜೊತೆಗೆ ಕರ್ನಲ್‌ಗೆ ಸೇರಿದ, ಇಂಥ ರೇಸ್‌ಗಳ ಪತ್ತೆದಾರ. ಒಂದು ಸ್ಮೃತಿ ವಿಳಾಸವನ್ನು ಆಯ್ದುಕೊಂಡು, ಅದನ್ನು ಮುಟ್ಟಲು ಬಂದ ಥ್ರೆಡ್ಡನ್ನು, ಅಂದರೆ ಓಡುತ್ತಿರುವ ಕೆಲಸದ ಎಳೆಯನ್ನು, ಕ್ಷಣಮಾತ್ರ ತಡೆದು ನಿಲ್ಲಿಸಿ, ಅಷ್ಟರಲ್ಲಿ ಇನ್ನೊಂದು ಸಿಪಿಯು ಅದೇ ವಿಳಾಸವನ್ನು ಮುಟ್ಟುತ್ತದೆಯೇ ಎಂದು ಕಾದು ನೋಡುವುದು ಅದರ ಕ್ರಮ. ವರದಿಯನ್ನು ಕಂಡ ಹುಡುಗ, "ಸರ್, ಎರಡೂ ಕಡೆ ರೀಡ್ ಒನ್ಸ್, ರೈಟ್ ಒನ್ಸ್ ಗುರುತು ಹಾಕಿಬಿಟ್ಟರೆ ವರದಿ ನಿಂತುಹೋಗುತ್ತದೆ" ಎಂದ. ನಿಂತುಹೋಗುತ್ತದೆ ಎಂಬುದು ನಿಜ. ವರದಿ ನಿಂತರೆ ರೇಸ್ ಹೋಯಿತು ಎಂದು ಅರ್ಥವಲ್ಲ ಎಂಬುದನ್ನು ತೋರಿಸಲು ಮೂರು ಗಂಟೆ ಹಿಡಿಯಿತು.

ಕಡತಕ್ಕೆ ಬರೆಯುವ ಪ್ರೋಗ್ರಾಮು ಸಾಮಾನ್ಯವಾಗಿ ಇನೋಡ್‌ನ ಲಾಕ್ (ಒಂದು ಸಮಯಕ್ಕೆ ಒಬ್ಬರನ್ನೇ ಒಳಬಿಡುವ ಬೀಗ) ಹಿಡಿದೇ ಸಮಯವನ್ನು ತಿದ್ದುತ್ತದೆ, ಆದರೆ ಸ್ಟ್ಯಾಟ್ ಆ ಲಾಕನ್ನು ಹಿಡಿಯುವುದಿಲ್ಲ. ಹಿಡಿಯುವಂತೆ ಮಾಡಿದರೆ, ದೊಡ್ಡ ಬರಹವೊಂದು ನಡೆಯುತ್ತಿರುವ ಕಡತವಿರುವ ಫೋಲ್ಡರಿನಲ್ಲಿ ಕಡತಗಳ ವಿವರವಾದ ಪಟ್ಟಿ ಕೇಳಿ ಎಲ್‌ಎಸ್ ಆಜ್ಞೆ ಕೊಟ್ಟವರು ಆ ಬರಹ ಮುಗಿಯುವವರೆಗೂ ಕಾಯಬೇಕಾಗುತ್ತದೆ. ಯಾವ ನಿರ್ವಾಹಕನೂ ಅದನ್ನು ಸಹಿಸಲಾರ. ಆದ್ದರಿಂದ ಓದುವವನು ಲಾಕಿಲ್ಲದೆ ಸೆಕೆಂಡನ್ನು ಓದುತ್ತಾನೆ, ಅನಂತರ ನ್ಯಾನೋಸೆಕೆಂಡನ್ನು ಓದುತ್ತಾನೆ, ನಡುವೆ ಬರೆಯುವವನು ನುಗ್ಗಬಹುದು.

ಅಡಿಕೆ ಮಂಡಿಯ ಖಾತೆ ಪುಸ್ತಕದ ಉದಾಹರಣೆಯನ್ನು ಅವರಿಗೆ ಕೊಟ್ಟೆ. ರೂಪಾಯಿಗೆ ಒಂದು ಕಾಲಂ, ಪೈಸೆಗೆ ಇನ್ನೊಂದು. ಗುಮಾಸ್ತ 99 ರೂಪಾಯಿ 90 ಪೈಸೆಯನ್ನು 100 ರೂಪಾಯಿ 10 ಪೈಸೆ ಎಂದು ತಿದ್ದುತ್ತಿರುವಾಗ, ರೂಪಾಯಿ ಬದಲಾಗಿ ಪೈಸೆ ಇನ್ನೂ ಬದಲಾಗದ ಗಳಿಗೆಯಲ್ಲಿ ಬಗ್ಗಿ ನೋಡಿದವನಿಗೆ 100 ರೂಪಾಯಿ 90 ಪೈಸೆ ಕಾಣುತ್ತದೆ. ಅದು ಹಳೆಯ ಮೊತ್ತವೂ ಅಲ್ಲ, ಹೊಸ ಮೊತ್ತವೂ ಅಲ್ಲ, ಆ ಖಾತೆಯಲ್ಲಿ ಎಂದೂ ಇರದಿದ್ದ ಮೊತ್ತ. ರೀಡ್ ಒನ್ಸ್ ಎಂಬ ಗುರುತು ಕಂಪೈಲರ್‌ಗೆ ಹೇಳುವುದು ಇಷ್ಟೇ: ಈ ಒಂದು ಕಾಲಮನ್ನು ಒಂದೇ ಸಲ ಓದು, ಮನಬಂದಂತೆ ಮತ್ತೆ ಓದಬೇಡ, ತುಂಡರಿಸಬೇಡ. ಎರಡು ಕಾಲಮ್‌ಗಳೂ ಒಂದೇ ಗಳಿಗೆಯವೆಂಬ ಭರವಸೆಯನ್ನು ಅದು ಕೊಡುವುದಿಲ್ಲ.

"ಸೆಕೆಂಡನ್ನು ಎರಡು ಸಲ ಓದಿ, ನಡುವೆ ನ್ಯಾನೋಸೆಕೆಂಡನ್ನು ಓದಿದರೆ? ಎರಡು ಸಲವೂ ಸೆಕೆಂಡು ಒಂದೇ ಬಂದರೆ ಒಪ್ಪಿಕೊಳ್ಳಬಹುದಲ್ಲವೇ ಸರ್?" ಎಂದು ಹುಡುಗಿ ಕೇಳಿದಳು. ಇದು ಒಳ್ಳೆಯ ಪ್ರಶ್ನೆ. ಆದರೆ ಬರೆಯುವವನು ಸೆಕೆಂಡನ್ನು ಬರೆದು, ನ್ಯಾನೋಸೆಕೆಂಡನ್ನು ಬರೆಯುವ ಮುನ್ನ ತಡವಾದರೆ, ಆ ಸಂದಿನಲ್ಲೇ ಮೂರು ಓದುಗಳೂ ಮುಗಿದುಹೋಗಬಹುದು. ಸೆಕೆಂಡು ಎರಡು ಸಲವೂ ಹೊಸದೇ, ನ್ಯಾನೋಸೆಕೆಂಡು ಮಾತ್ರ ಹಳೆಯದು. ಬರೆಯುವ ಅನುಕ್ರಮವನ್ನು ತಿರುಗಿಸಿದರೂ ಫಲ ಅದೇ. ಬರೆಯುವವನು "ನಾನು ಈಗ ತಿದ್ದುತ್ತಿದ್ದೇನೆ" ಎಂದು ಎಲ್ಲಿಯಾದರೂ ಸೂಚಿಸಲೇಬೇಕು, ಅದಕ್ಕಾಗಿಯೇ ಸೀಕ್ವೆನ್ಸ್ ಕೌಂಟರ್ ಇರುವುದು: ಬರೆಯುವವನು ತಿದ್ದುವ ಮುನ್ನ ಒಮ್ಮೆ, ತಿದ್ದಿದ ಮೇಲೆ ಒಮ್ಮೆ ಹೆಚ್ಚಿಸುವ ಎಣಿಕೆ ಅದು, ತಿದ್ದುವಿಕೆ ನಡೆಯುತ್ತಿದೆ ಅಥವಾ ನಡುವೆ ನಡೆದಿದೆ ಎಂದು ಎಣಿಕೆ ತೋರಿಸಿದರೆ ಓದುವವನು ಮತ್ತೆ ಓದುತ್ತಾನೆ. 32 ಬಿಟ್‌ನ ಬಹುಸಂಸ್ಕಾರಕ ಯಂತ್ರಗಳಲ್ಲಿ ಕಡತದ ಗಾತ್ರವನ್ನು ಕರ್ನಲ್ ಕಾಪಾಡುವುದು ಇದೇ ಉಪಾಯದಿಂದ. ಗಾತ್ರಕ್ಕೆ ಸಿಕ್ಕ ಮರ್ಯಾದೆ ಸಮಯಕ್ಕೆ ಏಕೆ ಸಿಗಲಿಲ್ಲ ಎಂಬುದಕ್ಕೆ ಕಾರಣವಿದೆ: ಗಾತ್ರ ತಪ್ಪಾಗಿ ಕಂಡರೆ ಓದುವವನು ಕಡತದ ಅಂಚನ್ನೇ ದಾಟಿಬಿಡುತ್ತಾನೆ, ಸಮಯ ತಪ್ಪಾಗಿ ಕಂಡರೆ ಅಷ್ಟು ತಕ್ಷಣದ ಅಪಾಯವಿಲ್ಲ. ಜೊತೆಗೆ ಇನ್ನೊಂದು ತೊಡಕೂ ಇದೆ. ಸೀಕ್ವೆನ್ಸ್ ಕೌಂಟರ್‌ಗೆ ಒಂದು ಸಮಯಕ್ಕೆ ಒಬ್ಬನೇ ಬರೆಯುವವನು ಇರಬೇಕು. ಏಟೈಮ್ ಬದಲಾಗುವುದು ಓದುವಾಗ, ಇಬ್ಬರು ಓದುಗರು ಏಕಕಾಲಕ್ಕೆ ಅದನ್ನು ತಿದ್ದಬಹುದು. ಎಂಮ್ಯಾಪ್ ಮಾಡಿದ, ಅಂದರೆ ಕಡತವನ್ನು ನೇರ ಸ್ಮೃತಿಗೆ ಹೊಂದಿಸಿಕೊಂಡ, ಪುಟಕ್ಕೆ ಬರೆದಾಗಲೂ ಎಂಟೈಮ್ ತಿದ್ದುವುದು ಇನೋಡ್ ಲಾಕ್ ಇಲ್ಲದೆಯೇ. ಹಾಗಾಗಿ ಕೌಂಟರ್ ಜೊತೆಗೆ ಅದರದೇ ಲಾಕ್ ಕೂಡ ಬೇಕಾಗುತ್ತದೆ.

ಸೆಕೆಂಡು, ನ್ಯಾನೋಸೆಕೆಂಡು ಎರಡನ್ನೂ ಒಂದೇ 64 ಬಿಟ್‌ನಲ್ಲಿ ತುರುಕಿದರೆ ಸಂದೇ ಇರುವುದಿಲ್ಲವಲ್ಲ ಎಂಬುದು ಸಹಜವಾದ ಆಸೆ. ಡಿಸ್ಕಿನ ಮೇಲೆ ಕೆಲವು ಕಡತ ವ್ಯವಸ್ಥೆಗಳು ಹಾಗೆಯೇ ಮಾಡಿವೆ: ಇಎಕ್ಸ್‌ಟಿ4 ಸೆಕೆಂಡಿಗೆ 34 ಬಿಟ್, ನ್ಯಾನೋಸೆಕೆಂಡಿಗೆ 30 ಬಿಟ್ ಕೊಟ್ಟು 2446ರವರೆಗೆ ತಲುಪುತ್ತದೆ, ಎಕ್ಸ್‌ಎಫ್‌ಎಸ್‌ನ ಬಿಗ್‌ಟೈಮ್ ವ್ಯವಸ್ಥೆ 1901ರಿಂದ ಎಣಿಸಿ 2486ರವರೆಗೆ ಹೋಗುತ್ತದೆ. ಆದರೆ ಬಿಟಿಆರ್‌ಎಫ್‌ಎಸ್ ಸೆಕೆಂಡಿಗೇ ಪೂರ್ತಿ 64 ಬಿಟ್ ಇಟ್ಟಿದೆ. ಎಲ್ಲರಿಗೂ ಸಮಾನವಾದ ಇನೋಡ್ ಅತಿ ಅಗಲವಾದದ್ದನ್ನು ಹಿಡಿಯಲೇಬೇಕು, ಆದ್ದರಿಂದ ಆ ದಾರಿ ಮುಚ್ಚಿದೆ.

ಇಷ್ಟಾದ ಮೇಲೆ ಉಳಿಯುವುದು, ಈ ಬೆರಕೆ ಸಮಯದಿಂದ ಯಾರಿಗೆ ನಷ್ಟ ಎಂಬ ಪ್ರಶ್ನೆ. "ಹೆಚ್ಚೆಂದರೆ ಒಂದು ಸೆಕೆಂಡಿನ ವ್ಯತ್ಯಾಸ ತಾನೇ" ಎಂಬ ಸಮಾಧಾನ ನನಗೆ ಹಿಡಿಸುವುದಿಲ್ಲ, ಏಕೆಂದರೆ ನಷ್ಟವನ್ನು ನಿರ್ಧರಿಸುವುದು ವ್ಯತ್ಯಾಸದ ಗಾತ್ರವಲ್ಲ, ಓದಿದ ಬೆಲೆಯನ್ನು ಓದುಗ ಏನು ಮಾಡುತ್ತಾನೆ ಎಂಬುದು. ಬದಲಾದ ಕಡತಗಳನ್ನು ಮಾತ್ರ ಸಮಯ ನೋಡಿ ಮರುಕಂಪೈಲ್ ಮಾಡಿಸುವ ಮೇಕ್ ಪ್ರೋಗ್ರಾಮನ್ನು ತೆಗೆದುಕೊಳ್ಳೋಣ. ಸಮಯ ಹಿಂದಕ್ಕೆ ಸರಿದು ಕಂಡರೆ ಅದು ಕಡತವನ್ನು ಮರುಕಂಪೈಲ್ ಮಾಡದೆ ಬಿಡಬಹುದು, ಆದರೆ ಅದೇ ಮೇಕ್ ಒಂದು ಕ್ಷಣ ಮೊದಲೇ ನೋಡಿದ್ದರೂ ಬಿಡುತ್ತಿತ್ತು. ಮುಂದಿನ ಬಾರಿ ಓಡಿಸಿದಾಗ ಸರಿಹೋಗುತ್ತದೆ. ಹಳೆಯ ಬೆಲೆಯೊಂದಿಗೆ ಸಮವಿದೆಯೇ ಎಂದಷ್ಟೇ ನೋಡುವವರಿಗೂ ಹೆಚ್ಚಿನ ತೊಂದರೆಯಿಲ್ಲ, ಬೆರಕೆ ಬೆಲೆ ಮುಂದೆ ನಿಜವಾದ ಬೆಲೆಗೆ ಹೊಂದದೆ ಕಡತವನ್ನು ಮತ್ತೊಮ್ಮೆ ಓದುತ್ತಾರೆ, ಅಷ್ಟೇ. ನಿಜವಾಗಿ ಕೆಡುವುದು ಕಂಡ ಗರಿಷ್ಠ ಸಮಯವನ್ನು ನೆನಪಿಟ್ಟುಕೊಂಡು "ಇದಕ್ಕಿಂತ ಹೊಸದನ್ನು ಮಾತ್ರ ಕೊಡು" ಎನ್ನುವ ಬ್ಯಾಕಪ್ ಪ್ರೋಗ್ರಾಮು. ಸಮಯ 100.999ರಿಂದ 101.001ಕ್ಕೆ ಬದಲಾಗುವಾಗ ಅದಕ್ಕೆ 101.999 ಕಂಡಿತು ಎನ್ನೋಣ. ಆ ಭವಿಷ್ಯದ ಗುರುತನ್ನು ಅದು ಬರೆದಿಟ್ಟುಕೊಂಡಿತು. ಅನಂತರ 101.5ರಲ್ಲಿ ಆದ ಬದಲಾವಣೆ ಅದರ ಕಣ್ಣಿಗೆ ಹಳೆಯದು, ಆ ಬದಲಾವಣೆ ಬ್ಯಾಕಪ್‌ಗೆ ಸೇರುವುದೇ ಇಲ್ಲ, ಯಾರಿಗೂ ತಿಳಿಯುವುದೂ ಇಲ್ಲ.

ಕರ್ನಲ್‌ನವರು ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. 2023ರಿಂದ ಇನೋಡ್‌ನ ಈ ಸಮಯಗಳನ್ನು ನೇರವಾಗಿ ಮುಟ್ಟುವುದನ್ನು ಬಿಟ್ಟು, ಫಂಕ್ಷನ್‌ಗಳ ಮೂಲಕವೇ ಓದುವ ಮತ್ತು ಬರೆಯುವ ಕ್ರಮ ಬಂದಿತು. 2024ರ 6.11ನೆಯ ಆವೃತ್ತಿಯಲ್ಲಿ ಸೆಕೆಂಡು, ನ್ಯಾನೋಸೆಕೆಂಡುಗಳು ಬೇರೆ ಬೇರೆ ಪೂರ್ಣಾಂಕಗಳಾದವು. 2025ರ ಜನವರಿಯಲ್ಲಿ ಹೊರಬಂದ 6.13ರಲ್ಲಿ ಮಲ್ಟಿಗ್ರೇನ್ ಟೈಮ್‌ಸ್ಟ್ಯಾಂಪ್ ಸೇರಿದೆ. ಸಾಮಾನ್ಯವಾಗಿ ಕಡತದ ಸಮಯ ಗಡಿಯಾರದ ಟಿಕ್ಕಿಗೆ ಒಮ್ಮೆ ಮಾತ್ರ ಮುಂದೆ ಸಾಗುತ್ತದೆ, ಸೆಕೆಂಡಿಗೆ 250 ಟಿಕ್ ಇದ್ದರೆ 4 ಮಿಲಿಸೆಕೆಂಡಿಗೆ ಒಮ್ಮೆ. ಅಷ್ಟರೊಳಗೆ ಎರಡು ಸಲ ಬರೆದರೆ ಎನ್‌ಎಫ್‌ಎಸ್ ಕ್ಲೈಂಟಿಗೆ, ಅಂದರೆ ಜಾಲದ ಮೂಲಕ ಕಡತ ಬಳಸುವ ಯಂತ್ರಕ್ಕೆ, ಎರಡನೆಯದು ಗೊತ್ತಾಗುವುದೇ ಇಲ್ಲ. ಹೊಸ ಏರ್ಪಾಟಿನಲ್ಲಿ, ಯಾರಾದರೂ ಸಮಯವನ್ನು ಕೇಳಿ ನೋಡಿದ್ದರೆ ಮಾತ್ರ ಮುಂದಿನ ಬರಹಕ್ಕೆ ಸೂಕ್ಷ್ಮ ಸಮಯ ಸಿಗುತ್ತದೆ. ಕೇಳಿದ ಗುರುತನ್ನು ಇಡುವುದು ಸಿಟೈಮ್‌ನ ನ್ಯಾನೋಸೆಕೆಂಡಿನ ಮೇಲಿನ ಬಿಟ್‌ನಲ್ಲಿ: ನ್ಯಾನೋಸೆಕೆಂಡು 30 ಬಿಟ್ ಮೀರುವುದಿಲ್ಲವಾದ್ದರಿಂದ 32 ಬಿಟ್‌ನ ಜಾಗದಲ್ಲಿ ಆ ಬಿಟ್ ಖಾಲಿಯೇ ಇರುತ್ತದೆ. ಈ ಜಾಣತನ ನನಗೆ ಬಹಳ ಇಷ್ಟವಾಯಿತು. ಆದರೂ ನ್ಯಾನೋಸೆಕೆಂಡನ್ನು ಅಟಾಮಿಕ್ ಆಗಿ, ಅಂದರೆ ನಡುವೆ ಯಾರೂ ನುಗ್ಗದಂತೆ, ಅದಲುಬದಲು ಮಾಡಿದ ಮೇಲೆ ಸೆಕೆಂಡನ್ನು ಸಾಧಾರಣ ಹೇಳಿಕೆಯಲ್ಲಿಯೇ ಬರೆಯುತ್ತಾರೆ. ನಮ್ಮ ಸಂದು ಅಲ್ಲಿಯೂ ಹಾಗೆಯೇ ಇದೆ.

ಸಂಜೆ ಹುಡುಗಿ ಪರೀಕ್ಷೆಯೊಂದನ್ನು ಬರೆದಳು. ಒಂದು ಥ್ರೆಡ್ 100.9 ಮತ್ತು 101.1 ಎಂಬ ಎರಡೇ ಸಮಯಗಳನ್ನು ಒಂದೇ ಕಡತಕ್ಕೆ ಸರದಿಯಲ್ಲಿ ಹಾಕುತ್ತಿರುತ್ತದೆ, ಇನ್ನೊಂದು ಸ್ಟ್ಯಾಟ್ ಮಾಡುತ್ತ ಈ ಎರಡಲ್ಲದ ಬೆಲೆ ಬಂದರೆ ಮುದ್ರಿಸುತ್ತದೆ. ಪರದೆಯ ಮೇಲೆ 101.9 ಬಂತು, ಸ್ವಲ್ಪ ಹೊತ್ತಿಗೆ 100.1 ಕೂಡ ಬಂತು. ರೀಡ್ ಒನ್ಸ್, ರೈಟ್ ಒನ್ಸ್ ಹಾಕಿದ ಕರ್ನಲ್‌ನಲ್ಲಿ ಕೆಸಿಸ್ಯಾನ್ ಮೌನವಾಗಿತ್ತು, ಆದರೆ 101.9 ಬರುತ್ತಲೇ ಇತ್ತು.

ಹಾಗಿದ್ದರೂ ಗುರುತುಗಳನ್ನು ತೆಗೆಯಬೇಡಿ ಎಂದೇ ಹೇಳಿದೆ, ಕಂಪೈಲರ್‌ನ ಕಿತಾಪತಿಯನ್ನು ತಡೆಯಲು ಅವು ಬೇಕು. ಪ್ಯಾಚಿನ, ಅಂದರೆ ಅವರ ತಿದ್ದುಪಡಿಯ, ವಿವರಣೆಯಲ್ಲಿ "ರೇಸ್ ಸರಿಪಡಿಸಿದೆ" ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿ, ಬೆರಕೆ ಸಮಯ ಕಾಣಬಹುದು, ಅದನ್ನು ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ, ಯಾವ ಓದುಗನಿಗೆ ಅದು ತೊಂದರೆ ಎಂಬುದು ಇಂತಿದೆ ಎಂದು ಬರೆಯಿಸಿದೆ. ಹುಡುಗನಿಗೆ ಅದು ಸೋಲೊಪ್ಪಿಕೊಂಡಂತೆ ಅನಿಸಿತೋ ಏನೋ, ಸೀಕ್ವೆನ್ಸ್ ಕೌಂಟರ್ ಹಾಕಿಯೇ ನೋಡುತ್ತೇನೆ ಎಂದು ಹಟ ಹಿಡಿದ. ಹಾಕಲಿ. ಲಕ್ಷಾಂತರ ಇನೋಡ್‌ಗಳು ಸ್ಮೃತಿಯಲ್ಲಿರುವ ಸರ್ವರ್‌ನಲ್ಲಿ ಒಂದೊಂದಕ್ಕೂ ಎಷ್ಟು ಬೈಟ್ ಹೆಚ್ಚಾಗುತ್ತದೆ, ಎಂಟು ಕೋರುಗಳಿಂದ ಒಂದೇ ಕಡತವನ್ನು ಓದಿದಾಗ ಏಟೈಮ್‌ನ ಲಾಕ್ ಎಷ್ಟು ಕಾಯಿಸುತ್ತದೆ ಎಂಬ ಎರಡನ್ನೂ ಅಳೆದು ತರಲು ಹೇಳಿ ಕಳುಹಿಸಿದ್ದೇನೆ.